ಮುತ್ತಜ್ಜ ಒತ್ತೆಯಿಟ್ಟ ಹೊಲ

ಹುಲಗೂರಿನ ಹಳೆಯ ಮನೆಯೊಂದರ ಪೆಟ್ಟಿಗೆಯಲ್ಲಿ ಮುತ್ತಜ್ಜನ ಕಾಲದ ಅಡಮಾನ ಪತ್ರ ಸಿಕ್ಕಿತೆನ್ನಿ. ಸಾಲ ಕೊಟ್ಟವರ ಮನೆಯವರೇ ಇಂದಿಗೂ ಆ ಹೊಲ ಉಳುತ್ತಿದ್ದಾರೆ. ‘ಕಾಲ ಮೀರಿತು, ಹೊಲ ನಮ್ಮದೇ ಆಯಿತು’ ಎನ್ನುತ್ತಾರೆ. ನಿಜವೇ?

1908ರ ಕಾಲಮಿತಿ ಕಾಯಿದೆಯಲ್ಲಿ ಅಡಮಾನ ಬಿಡಿಸಿಕೊಳ್ಳಲು 60 ವರ್ಷಗಳ ಅವಕಾಶವಿತ್ತು. 1964ರ ಜನವರಿ 1ರಂದು ಜಾರಿಗೆ ಬಂದ 1963ರ ಕಾಯಿದೆ ಅದನ್ನು 30ಕ್ಕೆ ಇಳಿಸಿತು. ಅಣ್ಣತಮ್ಮಂದಿರ ಮುನಿಸು ಕರಗುವುದರೊಳಗೆ ಇಷ್ಟು ವರ್ಷ ಕಳೆದಿರುತ್ತದೆ! ಸಾಲ ಕೊಟ್ಟವನಿಗಾದರೋ, ಅಡಮಾನದ ಹಣಕ್ಕಾಗಿ ದಾವೆ ಹೂಡಲು 12 ವರ್ಷ ಮಾತ್ರ.

ಆದರೆ ಎಲ್ಲ ಅಡಮಾನವೂ ಒಂದೇ ಅಲ್ಲ. ಹೊಲವನ್ನೇ ಸಾಲ ಕೊಟ್ಟವನ ಕೈಗೊಪ್ಪಿಸಿ, ಬಡ್ಡಿಯ ಬದಲು ಬೆಳೆ ಉಣ್ಣಲು ಬಿಡುವುದು ಭೋಗ್ಯದ ಅಡಮಾನ. ಇದರಲ್ಲಿ 30 ವರ್ಷದ ಎಣಿಕೆ ಪತ್ರ ಬರೆದ ದಿನದಿಂದ ಶುರುವಾಗದು. ಬೆಳೆಯ ಆದಾಯದಿಂದಲೋ, ಕೈಯಿಂದ ಕೊಟ್ಟೋ, ನ್ಯಾಯಾಲಯದಲ್ಲಿ ಠೇವಣಿಯಿಟ್ಟೋ ಸಾಲ ತೀರಿದ ಮೇಲೆಯೇ ಅದು ಶುರು. 2014ರಲ್ಲಿ ಸಿಂಗ್ ರಾಮ್ ಮತ್ತು ಶಿಯೋ ರಾಮ್ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೀಗೆ ತೀರ್ಪಿತ್ತಿತು. ವರ್ಷಗಳು ಉರುಳಿದ ಮಾತ್ರಕ್ಕೆ ಸಾಲ ಕೊಟ್ಟವನು ಒಡೆಯನಾಗಲಾರ. ಆದರೆ ಹಣ ತೀರಿಸಿ ಸುಮ್ಮನೆ ಕೂತರೆ ಗಡುವು ಓಡತೊಡಗುತ್ತದೆ, ಮರೆಯಬೇಡಿ.

ಆದ್ದರಿಂದ ವಕೀಲರ ಬಳಿ ಹೋಗುವ ಮೊದಲು ಮನೆಮಂದಿ ಕೂತು ಪತ್ರ ಓದಿ. ಸ್ವಾಧೀನ ಕೊಟ್ಟದ್ದೇ? ಅಸಲು ತೀರಿಸುವುದು ಹೇಗೆಂದು ಬರೆದಿದೆ? ಮೋಡಿ ಅಕ್ಷರದಲ್ಲಿದ್ದರೆ, ಓದಬಲ್ಲ ಹಿರಿಯರನ್ನು ಹುಡುಕಿ.