ಅಜ್ಜಿಯ ತವರಿನ ವಂಶಾವಳಿ

ಮನೆಯ ಯಜಮಾನನನ್ನು ಕುರಿತು, ನಿಮ್ಮ ಮುತ್ತಜ್ಜನ ಹೆಸರೇನೆಂದು ಕೇಳಿದರೆ ಬಹುಮಂದಿ ತಡವರಿಸದೆ ಹೇಳುವರು. ನಿಮ್ಮ ಅಜ್ಜಿಯ ತಾಯಿಯ ಹೆಸರೇನೆಂದು ಕೇಳಿದರೆ ಮಾತ್ರ ಒಳಮನೆಯ ಹಿರಿಯರ ಕಡೆಗೆ ತಿರುಗಿ ನೋಡುವರು. ಹಿರಿಯರಿಲ್ಲದ ಮನೆಯಲ್ಲಿ ಉತ್ತರವೇ ಇಲ್ಲ. ರಾಜರಾಣಿಯರ ಚರಿತ್ರೆಯನ್ನು ಬಹುಕಾಲ ಮಕ್ಕಳಿಗೆ ಬೋಧಿಸಿದ ನಮಗೆ, ಒಬ್ಬ ಸಾಮಾನ್ಯ ಸ್ತ್ರೀಯ ವಂಶವೃತ್ತಾಂತವನ್ನು ಅರಿಯುವುದು ಅದಕ್ಕಿಂತ ಎಷ್ಟೋ ಕಷ್ಟವೆಂದು ಅನುಭವಕ್ಕೆ ಬಂದಿದೆ.

ನಮ್ಮ ಊರು ಬುಕ್ಕಾಂಬುಧಿ. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ಅಜ್ಜಂಪುರ ತಾಲ್ಲೂಕಿನಲ್ಲಿದೆ. ಬುಕ್ಕ, ಅಂಬುಧಿ ಎಂಬ ಎರಡು ಪದಗಳು ಸವರ್ಣದೀರ್ಘಸಂಧಿಯಿಂದ ಕೂಡಿ ಈ ಹೆಸರಾಗಿದೆ. ಅಂಬುಧಿಯೆಂದರೆ ಕಡಲು. ವಿಸ್ತಾರವಾದ ಕೆರೆಯನ್ನು ಸಮುದ್ರವೆಂದು ಕರೆಯುವುದು ಪೂರ್ವಿಕರ ರೂಢಿ. ಪುರುಷನ ಹೆಸರು ಊರಿಗೆ ಅಂಟಿ ನಿಂತಿತು. ನೀರನ್ನು ತಲೆಯ ಮೇಲೆ ಹೊತ್ತ ಹೆಂಗಸರ ಹೆಸರು ಎಲ್ಲಿಯೂ ನಿಲ್ಲಲಿಲ್ಲ. ನಾಡಿನ ಮಾಸ್ತಿಕಲ್ಲುಗಳನ್ನು ನೋಡಿರಿ: ಬಳೆ ತೊಟ್ಟು ಮೇಲೆತ್ತಿದ ಕೈ ಸ್ಪಷ್ಟವಾಗಿ ಕಾಣುವುದು, ಆ ಕೈ ಯಾರದೆಂದು ತಿಳಿಸುವ ಅಕ್ಷರ ಅನೇಕ ಕಲ್ಲುಗಳಲ್ಲಿ ಇಲ್ಲ. ಎತ್ತಿನ ಮೇಲೆ ಬಂದು ಮನೆತನಗಳ ವಂಶವನ್ನು ಹಾಡಿ ಹೇಳುತ್ತಿದ್ದ ಹೆಳವರ ಪುಸ್ತಕವೂ ಮುಖ್ಯವಾಗಿ ಗಂಡುಸಂತತಿಯ ಜಾಡನ್ನೇ ಹಿಡಿಯುವುದು.

ಶಾಸ್ತ್ರವು ಸ್ತ್ರೀಯರನ್ನು ಮರೆತಿದೆಯೆಂದು ಹೇಳಲಾಗದು. ತರ್ಪಣದಲ್ಲಿ ಹೆಸರು ಹೇಳಿ ನೀರು ಬಿಡುವ 12 ಮಂದಿ ಪಿತೃಗಳಲ್ಲಿ 6 ಮಂದಿ ಸ್ತ್ರೀಯರು. ತಾಯಿಯ ಕಡೆಯಲ್ಲಿ ಮೂವರು, ತಾಯಿಯ ತವರಿನ ಕಡೆಯಲ್ಲಿ ಮೂವರು ಅಲ್ಲವೆನ್ನಬಾರದು. ತಂದೆಯ ವಂಶಕ್ಕೆ ಸೊಸೆಯರಾಗಿ ಬಂದವರು ಮೂವರು, ತಾಯಿಯ ತವರಿನವರು ಮೂವರು. ಆದರೆ ತಂದೆ ಹೇಳುವ ಪಟ್ಟಿಯೇ ಮಗನ ಪಟ್ಟಿಯಲ್ಲ. ತಂದೆಗೆ ಮಾತಾಮಹಿಯಾದವಳು ಮಗನ ಪಟ್ಟಿಯಲ್ಲಿ ಬರುವುದೇ ಇಲ್ಲ. ನಮ್ಮ ತಂದೆಯವರು ಇರುವವರೆಗೆ ಅವರ ತಾಯಿಯ ತಾಯಿಯ ಹೆಸರು ಅಮಾವಾಸ್ಯೆಗೊಮ್ಮೆ ಕಿವಿಗೆ ಬೀಳುತ್ತಿದ್ದಿತು. ಆ ಕರ್ತೃತ್ವವು ನಮಗೆ ಬಂದ ದಿನವೇ ಆ ಹೆಸರು ನಿಂತಿತು. ಆಕೆ ಯಾರ ಮಗಳು, ಯಾವ ಊರಿನವಳು ಎಂಬುದನ್ನಂತೂ ಹೆಸರು ತಿಳಿಸುತ್ತಿರಲಿಲ್ಲ.

ತೊಂಬತ್ತರ ಸಮೀಪದಲ್ಲಿರುವ ನಮ್ಮ ಸೋದರತ್ತೆಯವರನ್ನು ಕೇಳಿದೆವು. “ನೋಡಪ್ಪ, ನಾನೂ ಧಾತು ಸಂವತ್ಸರದವಳು, ನಮ್ಮಜ್ಜಿಯೂ ಧಾತುವಿನವಳೇ. ಅವಳದು ಬರದ ಧಾತು, ನನ್ನದು ಊಟದ ಧಾತು” ಎಂದರು. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳುವುದಷ್ಟೆ. ಅತ್ತೆಯವರದು 1936, ಅಜ್ಜಿಯದು 1876. ಧಾತು ಈಶ್ವರಗಳ ಆ ಘೋರ ಕ್ಷಾಮವನ್ನು ಕೇಳದವರಾರು? 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿದ್ದಿತು.

ಆ ಬರದಲ್ಲಿ ಕೂಸಿನ ಅಣ್ಣಂದಿರಿಬ್ಬರೂ ತೀರಿಕೊಂಡರಂತೆ. ಕೂಲಿಯನ್ನರಸಿ ಹೋದ ತಂದೆ ಹಿಂದಿರುಗಲಿಲ್ಲ. ತಾಯಿ ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ತನ್ನ ತವರಿಗೆ ನಡೆದಳು. ಸೋದರಮಾವನು ತನ್ನ ಮಕ್ಕಳ ಅಂಬಲಿಯಲ್ಲಿ ಪಾಲು ಕೊಟ್ಟು ಸಾಕಿ, ಮುಂದೆ ಧಾರೆಯೆರೆದು ಕೊಟ್ಟನು. ಇಂದು ನಾವೆಲ್ಲರೂ ಇರುವುದು ಆ ಅಂಬಲಿಯಿಂದ. ನಮ್ಮ ವಂಶವನ್ನು ಉಳಿಸಿದ ಆ ಮನೆಯ ಹೆಸರು ನಮ್ಮ ಯಾವ ವಂಶಾವಳಿಯಲ್ಲಿಯೂ ಇಲ್ಲ!

ಬೇರೆ ದೇಶದವರು ಈ ವಿಷಯದಲ್ಲಿ ಮಾಡಿರುವುದನ್ನೂ ನೋಡಬಹುದು. ಸ್ಕಾಟ್ಲೆಂಡಿನಲ್ಲಿ 1855ರಿಂದ ಜನನ, ವಿವಾಹ, ಮರಣಗಳ ನೋಂದಣಿ ಕಡ್ಡಾಯವಾಯಿತು. ಮರಣದ ಲೆಕ್ಕದಲ್ಲಿಯೂ ಮೃತರ ತಾಯಿಯ ಹೆಸರನ್ನು ಆಕೆಯ ತವರಿನ ಮನೆತನದ ಹೆಸರಿನೊಡನೆ ಬರೆಯುವರು. ಆದುದರಿಂದ ಅಲ್ಲಿನ ಕೂಲಿಯವಳ ಮೊಮ್ಮಗಳೂ ತನ್ನ ಅಜ್ಜಿಯ ತಾಯಿಯನ್ನು ಹುಡುಕಿಕೊಳ್ಳಬಲ್ಲಳು. ನಮ್ಮಲ್ಲಿ ಜನನ ಮರಣಗಳ ನೋಂದಣಿಯನ್ನು ದೇಶಕ್ಕೆಲ್ಲ ಕಡ್ಡಾಯಮಾಡಿದ ಕಾಯಿದೆ 1969ರದು. ಅದಕ್ಕೆ ಹಿಂದಿನ ಹೆಂಗಸರ ದಫ್ತರವೆಂದರೆ ಮನೆಯ ವೃದ್ಧೆಯರ ನೆನಪೇ.

ಇದು ಬರಿಯ ಕುತೂಹಲದ ಮಾತಲ್ಲ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಂತೆಯೇ ಹಕ್ಕುಂಟು. ಸಂತಾನವಿಲ್ಲದೆ, ಮರಣಶಾಸನವಿಲ್ಲದೆ ತೀರಿಕೊಂಡ ಸ್ತ್ರೀಗೆ ತಂದೆತಾಯಿಗಳಿಂದ ಬಂದ ಸ್ವತ್ತು ಆಕೆಯ ತಂದೆಯ ವಾರಸುದಾರರಿಗೆ ಸೇರತಕ್ಕದ್ದೆಂದು 1956ರ ಕಾಯಿದೆಯೇ ವಿಧಿಸಿದೆ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಕೊಂಬೆಯನ್ನು ಕಡಿದು ಬರೆದರೆ ಮುಂದೆ ವ್ಯಾಜ್ಯವು ತಪ್ಪದು.

ಆದುದರಿಂದ ಗೃಹಸ್ಥರು ಒಂದು ಪುಸ್ತಕವನ್ನಿಟ್ಟು, ಮನೆಯ ಹಿರಿಯ ಸ್ತ್ರೀಯನ್ನು ವಿರಾಮದಲ್ಲಿ ವಿಚಾರಿಸಬೇಕು. ಆಕೆಯ ತಾಯಿಯ ಹೆಸರು, ತಾಯಿಯ ತವರೂರು, ಆ ತವರಿನ ಮನೆದೇವರು, ಅಕ್ಕತಂಗಿಯರನ್ನು ಕೊಟ್ಟ ಊರುಗಳು, ಇಷ್ಟನ್ನಾದರೂ ಬರೆದುಕೊಳ್ಳತಕ್ಕದ್ದು. ಮದುವೆಯಲ್ಲಿ ಹೆಸರು ಬದಲಿಸಿದ್ದರೆ ಎರಡೂ ಹೆಸರುಗಳಿರಲಿ. ಇಸವಿ ತಿಳಿಯದಿದ್ದರೆ ಸಂವತ್ಸರವನ್ನು ಕೇಳಿ, ಬರ, ಪ್ಲೇಗು, 1918ರ ಇನ್‌ಫ್ಲುಯೆಂಜ ಮುಂತಾದ ಗುರುತುಗಳಿಂದ ಯಾವ ಸುತ್ತಿನದೆಂದು ನಿಶ್ಚಯಿಸಬಹುದು. ನಮ್ಮ ಸೀಮೆಯ ಹಳೆಯ ಕಾಗದಗಳನ್ನು ನೋಡುವವರು, ಚಿಕ್ಕಮಗಳೂರು ಜಿಲ್ಲೆಗೆ 1947ಕ್ಕೆ ಹಿಂದೆ ಕಡೂರು ಜಿಲ್ಲೆಯೆಂಬ ಹೆಸರಿದ್ದುದನ್ನು ನೆನಪಿನಲ್ಲಿಡಬೇಕು.

ಅತ್ತೆಯವರು ಹೇಳಿದುದನ್ನೆಲ್ಲ ಬರೆದು ಅವರಿಗೇ ಓದಿ ತೋರಿಸಿದೆವು. ಸೋದರಮಾವನ ಊರಿನ ಹೆಸರನ್ನು ಎರಡನೆಯ ಸಲ ಓದಿಸಿ ಕೇಳಿ, ಸರಿಯಾಗಿದೆಯೆಂದರು. ಮುಂದಿನ ಪುಟಗಳನ್ನು ನಮ್ಮ ಸೊಸೆಯರ ತವರುಗಳಿಗಾಗಿ ಬಿಟ್ಟಿದ್ದೇವೆ.