ಅಂಗೈಯ ಆಟಿಕೆಯಲ್ಲಿ ಹಳೆಯ ಗಣಕಯಂತ್ರ: ಸಾಧ್ಯವೇ?

ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ವಿದ್ಯಾರ್ಥಿಗಳಿಗೆ ಹಗಲುವೇಷದ ಪರಿಚಯ ಇದ್ದೇ ಇದೆ. ಕಲಾವಿದ ಒಬ್ಬನೇ, ಬೆಳಿಗ್ಗೆ ರಾಮ, ಮರುದಿನ ರಾವಣ. ಮಾತು, ನಡೆ, ನಿಲುವು ಎಲ್ಲವೂ ಪಾತ್ರಕ್ಕೆ ತಕ್ಕಂತೆ. ಗಣಕಯಂತ್ರಗಳ ಲೋಕದಲ್ಲೂ ಇಂತಹ ವೇಷಗಾರಿಕೆ ಉಂಟು. ಅದಕ್ಕೆ 'ಎಮ್ಯುಲೇಷನ್' ಎಂದು ಹೆಸರು. ಒಂದು ಯಂತ್ರವು ತಂತ್ರಾಂಶದ ನೆರವಿನಿಂದ ಇನ್ನೊಂದು ಯಂತ್ರದಂತೆ ವರ್ತಿಸುವುದೇ ಎಮ್ಯುಲೇಷನ್. ಹಾಗಾದರೆ ಅಂಗೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಸಾಧನವು ಮೇಜಿನ ಮೇಲಿನ ಹಳೆಯ ಕಂಪ್ಯೂಟರಿನ ವೇಷ ಹಾಕಬಲ್ಲದೇ?

ಉದಾಹರಣೆಗೆ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರನ್ನು ತೆಗೆದುಕೊಳ್ಳೋಣ. ಬ್ರಿಟನ್ನಿನ ಬಿಬಿಸಿ ದೂರದರ್ಶನ ಸಂಸ್ಥೆಯು ಜನರಿಗೆ ಕಂಪ್ಯೂಟರ್ ಕಲಿಸುವ ಕಾರ್ಯಕ್ರಮಕ್ಕೆಂದು ಆಕಾರ್ನ್ ಕಂಪನಿಯಿಂದ 1981ರಲ್ಲಿ ಮಾಡಿಸಿದ ಯಂತ್ರವಿದು. ನಮ್ಮ ಕೇಂದ್ರ ಸರ್ಕಾರ 1984-85ರಲ್ಲಿ 'ಕ್ಲಾಸ್' ಯೋಜನೆಯಡಿ ದೇಶದ 250 ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣ ಆರಂಭಿಸಿದಾಗ ಆರಿಸಿಕೊಂಡದ್ದೂ ಇದನ್ನೇ. ಭಾರತದ ಶಾಲಾ ಮಕ್ಕಳ ಒಂದು ತಲೆಮಾರು ಕೀಲಿಮಣೆಯನ್ನು ಮೊದಲು ಮುಟ್ಟಿದ್ದು ಹೀಗೆ.

ಲೆಕ್ಕ ಏನು ಹೇಳುತ್ತದೆ?

ಬಿಬಿಸಿ ಮೈಕ್ರೋದ ಹೃದಯ 6502 ಎಂಬ ಪ್ರೊಸೆಸರ್. ಅದರ ವೇಗ 2 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 20 ಲಕ್ಷ ಮಿಡಿತ. ಒಂದು ಆದೇಶಕ್ಕೆ ಸರಾಸರಿ ನಾಲ್ಕು ಮಿಡಿತ ಎಂದು ಹಿಡಿದರೆ ಸೆಕೆಂಡಿಗೆ ಸುಮಾರು 5 ಲಕ್ಷ ಆದೇಶಗಳು. ವೇಷ ಹಾಕುವ ಯಂತ್ರ ಪ್ರತಿ ಆದೇಶವನ್ನೂ ಓದಬೇಕು, ಅರ್ಥ ಮಾಡಿಕೊಳ್ಳಬೇಕು, ತನ್ನ ಭಾಷೆಯಲ್ಲಿ ನೆರವೇರಿಸಬೇಕು. ಇದಕ್ಕೆ ತಲಾ 30 ಮಿಡಿತ ಬೇಕೆಂದರೂ ಒಟ್ಟು ಒಂದೂವರೆ ಕೋಟಿ.

2001ರಲ್ಲಿ ಬಂದ ಗೇಮ್‌ಬಾಯ್ ಅಡ್ವಾನ್ಸ್ ಸಾಧನದ ವೇಗ ಸೆಕೆಂಡಿಗೆ ಸುಮಾರು 1 ಕೋಟಿ 68 ಲಕ್ಷ ಮಿಡಿತ. ಚಿತ್ರ, ಧ್ವನಿಗಳ ಕೆಲಸಕ್ಕೆ ಉಳಿಯುವುದು ಅತ್ಯಲ್ಪ. ನಿಪುಣರು ಬಿಗಿಯಾಗಿ ಬರೆದ ಪ್ರೋಗ್ರಾಂ ಮಾತ್ರ ಇಲ್ಲಿ ದಡ ಸೇರೀತು. 2004ರ ನಿಂಟೆಂಡೊ ಡಿಎಸ್‌ನಲ್ಲಿ ಮುಖ್ಯ ಪ್ರೊಸೆಸರಿನ ವೇಗ ಇದರ ನಾಲ್ಕರಷ್ಟು, ಮೆಮೊರಿ 4 ಮೆಗಾಬೈಟ್. ಬಿಬಿಸಿ ಮೈಕ್ರೋ ಮಾದರಿ 'ಬಿ'ಯ ಮೆಮೊರಿ ಕೇವಲ 32 ಕಿಲೋಬೈಟ್! ಆದ್ದರಿಂದ ವೇಗ, ಮೆಮೊರಿಗಳ ದೃಷ್ಟಿಯಿಂದ ಉತ್ತರ: ಸಾಧ್ಯ. ಇಂದಿನ ಸಾಧನಗಳಿಗಂತೂ ಇದು ಲೀಲಾಜಾಲ.

ಇಲ್ಲೊಂದು ಸ್ವಾರಸ್ಯವಿದೆ. ಈ ಎರಡೂ ಆಟಿಕೆಗಳ ಪ್ರೊಸೆಸರ್ 'ಆರ್ಮ್' ವಂಶದ್ದು. ಅದನ್ನು ರೂಪಿಸಿದವರು ಅದೇ ಆಕಾರ್ನ್ ಕಂಪನಿಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್. ಚಿಪ್ ತಯಾರಾಗುವ ಮೊದಲೇ ಅದು ಹೇಗೆ ನಡೆದೀತೆಂದು ಅವರು ಬಿಬಿಸಿ ಬೇಸಿಕ್ ಭಾಷೆಯಲ್ಲಿ ಅನುಕರಣೆ ಬರೆದು, ಬಿಬಿಸಿ ಮೈಕ್ರೋದ ಮೇಲೆಯೇ ನಡೆಸಿ ನೋಡಿದರು. 1985ರ ಏಪ್ರಿಲ್‌ನಲ್ಲಿ ಬಂದ ಮೊದಲ ಚಿಪ್ ಮೊದಲ ಯತ್ನದಲ್ಲೇ ಕೆಲಸ ಮಾಡಿತು. ಅಂದು ಅಜ್ಜಿ ಮೊಮ್ಮಗಳ ವೇಷ ಹಾಕಿದ್ದಳು. ಇಂದು ಮೊಮ್ಮಗಳು ಅಜ್ಜಿಯ ವೇಷ ಹಾಕುತ್ತಿದ್ದಾಳೆ.

ತೊಡಕು ಎಲ್ಲಿ?

ಮೊದಲನೆಯದು ಪರದೆ. ಬಿಬಿಸಿ ಮೈಕ್ರೋ ಅಗಲಕ್ಕೆ 640, ಎತ್ತರಕ್ಕೆ 256 ಚುಕ್ಕಿಗಳವರೆಗೆ ಚಿತ್ರಿಸುತ್ತಿತ್ತು. ಗೇಮ್‌ಬಾಯ್ ಅಡ್ವಾನ್ಸ್‌ನಲ್ಲಿ ಇರುವುದು 240ಕ್ಕೆ 160. ಸಾಲಿಗೆ 40 ಅಕ್ಷರ ಎಂದರೆ ಒಂದಕ್ಕೆ ಆರೇ ಚುಕ್ಕಿ ಅಗಲ. ಇಂಗ್ಲಿಷ್ ಅಕ್ಷರವನ್ನು ಹೇಗೋ ಕೂರಿಸಬಹುದು. ಕನ್ನಡದ 'ಷ್ಟ್ರ' ಅಲ್ಲಿ ಕೂರದು. ಎರಡನೆಯದು ಕೀಲಿಮಣೆ. ಎಪ್ಪತ್ತಕ್ಕೂ ಹೆಚ್ಚು ಕೀಲಿಗಳ ಕೆಲಸವನ್ನು ಹತ್ತು ಗುಂಡಿಗಳು ಮಾಡಬೇಕು. ಆಟಕ್ಕೆ ಸಾಕು, ಪ್ರಬಂಧ ಬರೆಯಲು ಸಾಲದು. ಮೂರನೆಯದು ಕಾನೂನು. ಹಳೆಯ ಯಂತ್ರದೊಳಗಿನ ಮೂಲ ತಂತ್ರಾಂಶಕ್ಕೆ ಕೃತಿಸ್ವಾಮ್ಯವಿದೆ. ಕಂಪನಿ ಮುಚ್ಚಿದ ಮಾತ್ರಕ್ಕೆ ಹಕ್ಕು ಅಳಿಯುವುದಿಲ್ಲ.

ನಮಗೇಕೆ ಇದು?

ಇದು ಬರೀ ಆಟದ ಮಾತಲ್ಲ. ಡಾಸ್ ಕಾಲದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು 'ಜಿಸ್ಟ್' ಕಾರ್ಡನ್ನು ಯಂತ್ರದೊಳಗೆ ಸಿಕ್ಕಿಸುವ ವ್ಯವಸ್ಥೆಯಿತ್ತು. ಡಾಸ್ ಯಂತ್ರದ ವೇಷ ಹಾಕುವ ಡಾಸ್‌ಬಾಕ್ಸ್ ತಂತ್ರಾಂಶ 2002ರಲ್ಲೇ ಬಂದು, ಕೆಲವು ಅಂಗೈ ಸಾಧನಗಳಿಗೂ ಇಳಿಯಿತು. ಆದರೆ ಯಂತ್ರದ ವೇಷವೊಂದೇ ಸಾಲದು. ಆ ಕಾರ್ಡಿನ ವೇಷವೂ ಬೇಕು. ಇಲ್ಲವಾದರೆ ತೆರೆದ ಕಡತದಲ್ಲಿ ಕನ್ನಡದ ಬದಲು ಅರ್ಥವಾಗದ ಗುರುತುಗಳು ಕಾಣುತ್ತವೆ. ಪಠ್ಯವಷ್ಟೇ ಬೇಕಿದ್ದು, ಅದು 1991ರ ಇಸ್ಕಿ ಮಾನಕದಲ್ಲಿದ್ದರೆ ಯೂನಿಕೋಡ್‌ಗೆ ಪರಿವರ್ತಿಸಿದರೆ ಸಾಕು. ಅಂದಿನ ಪ್ರೋಗ್ರಾಂ ಹೇಗೆ ನಡೆಯುತ್ತಿತ್ತೆಂದು ನೋಡಬೇಕಾದರೆ ಎಮ್ಯುಲೇಷನ್ನೇ ದಾರಿ.

ಹಂಪಿಯ ಕಲ್ಲಿನ ಶಾಸನಗಳು ಐದಾರು ಶತಮಾನ ಬಾಳಿವೆ. ಫ್ಲಾಪಿಯ ಕಾಂತೀಯ ಲೇಪಕ್ಕೆ ಆ ಆಯುಷ್ಯವಿಲ್ಲ. ಕುರೆಕುಪ್ಪದಲ್ಲಾಗಲಿ ಬೇರೆಲ್ಲಾಗಲಿ, ನಿಮ್ಮ ಶಾಲೆಯ ಬೀರುವಿನಲ್ಲಿ ಹಳೆಯ ಫ್ಲಾಪಿ, ಕ್ಯಾಸೆಟ್‌ಗಳಿದ್ದರೆ ಎಸೆಯುವ ಮುನ್ನ ಗುರುಗಳಿಗೆ ತೋರಿಸಿ, ಪ್ರತಿ ಮಾಡಿಸಿ. ವೇಷ ಹಾಕುವವರು ನಾಳೆಯೂ ಸಿಗುತ್ತಾರೆ. ಹೇಳಬೇಕಾದ ಮಾತೇ ಅಳಿಸಿಹೋದರೆ ವೇಷದಿಂದ ಫಲವೇನು?

ಬಿಡುವಿನಲ್ಲಿ ಒಂದು ಅಭ್ಯಾಸ: 'ಇಡು, ಕೂಡು, ಕಳೆ, ಹಾರು, ನಿಲ್ಲು' ಎಂಬ ಐದೇ ಆದೇಶಗಳ ಕಲ್ಪನೆಯ ಯಂತ್ರವೊಂದನ್ನು ಕಾಗದದ ಮೇಲೆ ರಚಿಸಿ, ನಿಮಗೆ ತಿಳಿದ ಯಾವುದೇ ಭಾಷೆಯಲ್ಲಿ ಅದರ ಎಮ್ಯುಲೇಟರ್ ಬರೆಯಿರಿ. ಒಂದು ಸಂಜೆಯಲ್ಲಿ ಮುಗಿಯುವ ಕೆಲಸ. ಪ್ರೊಸೆಸರ್ ಹೇಗೆ ಯೋಚಿಸುತ್ತದೆಂಬುದು ಅಂದೇ ನಿಮಗೆ ತಿಳಿಯುತ್ತದೆ.