ಬ್ಯಾಗಿನಲ್ಲೊಂದು ಮಲ್ಟಿಟೂಲ್: ಸಾವಿರ ರೂಪಾಯಿಯೊಳಗೆ ಏನು ನೋಡಿ ಕೊಳ್ಳಬೇಕು?

ಕಳೆದ ಸೆಮಿಸ್ಟರ್‌ನ ಪ್ರಾಜೆಕ್ಟ್ ಡೆಮೊ ದಿನ. ನಮ್ಮ ಸರದಿಗೆ ಹತ್ತು ನಿಮಿಷ ಇರುವಾಗ ರೋಬೋಟಿನ ಎಡ ಚಕ್ರದ ಸ್ಕ್ರೂ ಸಡಿಲವಾಯಿತು. ಆರು ಜನ ಇದ್ದೆವು, ಆರು ಫೋನು, ನಾಲ್ಕು ಲ್ಯಾಪ್‌ಟಾಪ್ ಇದ್ದವು. ಸ್ಕ್ರೂಡ್ರೈವರ್ ಮಾತ್ರ ಒಂದೂ ಇರಲಿಲ್ಲ. ಕ್ಯಾಂಟೀನಿನಿಂದ ಚಮಚ ತಂದು ತಿರುಗಿಸಲು ಹೋಗಿ ಸ್ಕ್ರೂವಿನ ತಲೆಯನ್ನೇ ಸವೆಸಿಬಿಟ್ಟೆವು. ರೋಬೋಟು ಡೆಮೊ ಪೂರ್ತಿ ಬಲಕ್ಕೇ ಓಡುವ ಬದಲು ಎಡಕ್ಕೇ ಗಿರಕಿ ಹೊಡೆಯಿತು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ ಆ ರಾತ್ರಿಯೇ ಆನ್‌ಲೈನಿನಲ್ಲಿ ಸಿಕ್ಕ ತೀರಾ ಅಗ್ಗದ ‘21 ಇನ್ 1’ ಮಲ್ಟಿಟೂಲ್ ತರಿಸಿದೆವು. ಎರಡನೇ ವಾರದಲ್ಲಿ ಅದರ ಕಟಿಂಗ್ ಪ್ಲೇಯರ್‌ನ ಬಾಯಿ ಒಂದು ನಟ್ಟಿಗೆ ಸೋತು ಸೊಟ್ಟಗಾಯಿತು. ಮೂರನೇ ವಾರ ಕೊರಿಯರ್ ಡಬ್ಬ ಬಿಚ್ಚುವಾಗ ಚಾಕು ತಾನಾಗೇ ಮಡಚಿಕೊಂಡು ಗೆಳೆಯನ ತೋರುಬೆರಳಿಗೆ ಮೂರು ಹೊಲಿಗೆ ಬಿತ್ತು. ದುಡ್ಡು ಹೋದದ್ದಕ್ಕಿಂತ ಅದು ಹೆಚ್ಚು ನೋಯಿಸಿತು. ಆಮೇಲೆ ಕೂತು ಸರಿಯಾಗಿ ಯೋಚಿಸಿದೆವು. ಈ ಬರಹ ಅದರ ಫಲ.

ಮೊದಲು ಪಟ್ಟಿ, ಆಮೇಲೆ ಅಂಗಡಿ

ಮಲ್ಟಿಟೂಲ್ ಹುಟ್ಟಿದ್ದೇ ಒಂದು ಕೊರತೆಯಿಂದ. 1975ರಲ್ಲಿ ಟಿಮ್ ಲೆದರ್‌ಮನ್ ಎಂಬ ಅಮೆರಿಕದ ಎಂಜಿನಿಯರ್ ಹೆಂಡತಿಯ ಜೊತೆ ಹಳೇ ಫಿಯಟ್ ಕಾರಿನಲ್ಲಿ ಯೂರೋಪ್ ಸುತ್ತುತ್ತಿದ್ದರು. ಕಾರು ಪದೇ ಪದೇ ಕೈಕೊಡುತ್ತಿತ್ತು. ಜೇಬಿನಲ್ಲಿ ಚಾಕು ಇತ್ತು, ಆದರೆ ಬೇಕಾಗುತ್ತಿದ್ದದ್ದು ಪ್ಲೇಯರ್. ಎರಡನ್ನೂ ಒಂದೇ ಹಿಡಿಯಲ್ಲಿ ಸೇರಿಸುವ ಅವರ ಸಾಧನ ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ಅಂದರೆ ಅವರು ‘ಎಷ್ಟು ಟೂಲ್ ತುಂಬಬಹುದು’ ಎಂದು ಶುರುಮಾಡಲಿಲ್ಲ, ‘ನನಗೆ ಏನು ಸಿಗಲಿಲ್ಲ’ ಎಂದು ಶುರುಮಾಡಿದರು.

ನಾವೂ ಅದನ್ನೇ ಮಾಡಿದೆವು. ಒಂದು ವಾರ, ಟೂಲ್ ಬೇಕೆನಿಸಿದಾಗೆಲ್ಲ ಫೋನಿನಲ್ಲಿ ಬರೆದಿಟ್ಟೆವು. ಲ್ಯಾಪ್‌ಟಾಪ್ ಹಿಂಬದಿಯ ಸಣ್ಣ ಸ್ಕ್ರೂ, ಹಾಸ್ಟೆಲ್ ಬಾಗಿಲಿನ ಚಿಲಕ, ಬೈಕಿನ ನಂಬರ್ ಪ್ಲೇಟ್, ಜಂಪರ್ ವೈರಿನ ಸಿಪ್ಪೆ ಸುಲಿಯೋದು, ಪಾರ್ಸೆಲ್ ಬಿಚ್ಚೋದು, ತ್ರೀಡಿ ಪ್ರಿಂಟರಿನ ಬೋಲ್ಟ್ ಬಿಗಿ ಮಾಡೋದು. ಪಟ್ಟಿಯಲ್ಲಿ ಮೊದಲ ಸ್ಥಾನ ಸ್ಕ್ರೂಡ್ರೈವರ್‌ಗೆ, ಎರಡನೆಯದು ಪ್ಲೇಯರ್‌ಗೆ. ಚಾಕು ಮೂರನೆಯದು. ಬಾಟಲ್ ಓಪನರ್, ಮೀನಿನ ಪೊರೆ ತೆಗೆಯುವ ಅಲಗು ಒಬ್ಬರಿಗೂ ಬೇಕಾಗಲಿಲ್ಲ. ‘21 ಇನ್ 1’ರಲ್ಲಿ ನಾವು ದುಡ್ಡು ಕೊಟ್ಟದ್ದು ಅವುಗಳಿಗೂ ಸೇರಿಸಿಯೇ.

ಇನ್ನೊಂದು ವಿಷಯವೂ ಗೊತ್ತಾಯಿತು. ಎಂ3 ಸಾಕೆಟ್ ಹೆಡ್ ಬೋಲ್ಟಿಗೆ 2.5 ಮಿಮೀ ಅಲೆನ್ ಕೀ ಬೇಕು. ರೋಬೋಟ್, ಪ್ರಿಂಟರ್ ಎರಡರಲ್ಲೂ ತುಂಬಿರುವುದು ಅದೇ. ಆದರೆ ನಾವು ನೋಡಿದ ಅಗ್ಗದ ಮಲ್ಟಿಟೂಲುಗಳಲ್ಲಿ ಅಲೆನ್ ಕೀ ಇರಲೇ ಇಲ್ಲ.

ಮೂರು ಬಗೆ

ಮೊದಲನೆಯದು ಪ್ಲೇಯರ್ ನಡುವಿಗಿರುವ ಬಗೆ. ಹಿಡಿ ಬಿಚ್ಚಿದರೆ ಬಾಯಿ ಹೊರಬರುತ್ತದೆ. ತೂಕ ಜಾಸ್ತಿ, ಕೆಲಸವೂ ಜಾಸ್ತಿ. ಎರಡನೆಯದು ಸ್ವಿಸ್ ಚಾಕುವಿನ ಬಗೆ. ವಿಕ್ಟೋರಿನಾಕ್ಸ್‌ನ 91 ಮಿಮೀ ಚಾಕುಗಳು ಇದಕ್ಕೆ ಒಳ್ಳೆಯ ಉದಾಹರಣೆ: ಹಗುರ, ನೀಟು, ಆದರೆ ಹೆಚ್ಚಿನವುಗಳಲ್ಲಿ ಪ್ಲೇಯರ್ ಇರುವುದಿಲ್ಲ. ಮೂರನೆಯದು ಬೀಗದ ಕೈ ಗೊಂಚಲಿಗೆ ಹಾಕುವ ಪುಟಾಣಿ. ಜೇಬಿನಲ್ಲಿರುವುದೇ ಮರೆತುಹೋಗುತ್ತದೆ, ಆದರೆ ಜೋರು ಹಾಕಿದರೆ ಬಾಗುತ್ತದೆ.

ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್‌ನವರಿಗೆ ಮೊದಲನೆಯದೇ ಸರಿ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವವರಿಗೆ ಮೂರನೆಯದು ಸಾಕು.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಗಳು

ಆನ್‌ಲೈನಿನ ಫೋಟೋದಲ್ಲಿ ಎಲ್ಲವೂ ಒಂದೇ ಥರ ಹೊಳೆಯುತ್ತವೆ. ಅದಕ್ಕೇ ಮೊದಲ ಟೂಲನ್ನು ಕೈಯಲ್ಲಿ ಹಿಡಿದು ಕೊಳ್ಳಿ. ಯಶವಂತಪುರ, ಆರ್.ಟಿ. ನಗರದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ, ಇಲ್ಲವೇ ಒಂದು ಶನಿವಾರ ಎಸ್.ಪಿ. ರೋಡಿಗೆ ಹೋಗಿ. ಅಲ್ಲಿ ಈ ಐದನ್ನು ನೋಡಿ.

1. ಪ್ಲೇಯರ್ ಬಾಯಿ ಮುಚ್ಚಿ ಬೆಳಕಿಗೆ ಹಿಡಿಯಿರಿ. ತುದಿ ಒಂದಕ್ಕೊಂದು ಕೂತಿರಬೇಕು, ಒಂದು ಮೇಲೆ ಒಂದು ಕೆಳಗೆ ಇರಬಾರದು. ಆಮೇಲೆ ತುದಿಯಲ್ಲಿ ಒಂದು ಹಾಳೆ ಕಚ್ಚಿಸಿ ಎಳೆಯಿರಿ. ಜಾರಿ ಬಂದರೆ ತೆಳು ವೈರನ್ನೂ ಅದು ಹಿಡಿಯುವುದಿಲ್ಲ.

2. ಬಾಯಿ ತೆರೆದು ಎಡಕ್ಕೆ, ಬಲಕ್ಕೆ ಅಲ್ಲಾಡಿಸಿ. ಕೀಲಿನಲ್ಲಿ ಆಟ ಇದ್ದರೆ ಅಲ್ಲೇ ಇಟ್ಟು ಬನ್ನಿ. ಇಡೀ ಬಲ ಬೀಳುವುದು ಆ ಒಂದು ಪಿನ್ನಿನ ಮೇಲೆ.

3. ಚಾಕು ಬಿಚ್ಚಿದಾಗ ಲಾಕ್ ಆಗುತ್ತಾ ನೋಡಿ. ಬೆರಳು ದಾರಿಯಲ್ಲಿ ಇಡದೆ, ಅಲಗಿನ ಬೆನ್ನನ್ನು ಮೇಜಿಗೆ ಮೆಲ್ಲಗೆ ಒತ್ತಿ. ಮಡಚಿಕೊಂಡರೆ ಲಾಕ್ ಇಲ್ಲ, ಅಥವಾ ಇದ್ದೂ ಕೆಲಸ ಮಾಡುತ್ತಿಲ್ಲ. ನಮ್ಮ ಗೆಳೆಯನ ಬೆರಳಿಗಾದದ್ದು ಇದರಿಂದಲೇ. ಲಾಕ್ ಇಲ್ಲದ ಚಾಕುಗಳು ಕೆಟ್ಟವೇನಲ್ಲ. ಆದರೆ ಅವುಗಳಿಂದ ಕುಯ್ಯಬೇಕು, ಚುಚ್ಚಿ ಒತ್ತಬಾರದು.

4. ಫಿಲಿಪ್ಸ್ ತುದಿಯನ್ನು ನಿಜವಾದ ಸ್ಕ್ರೂ ಒಂದರಲ್ಲಿ ಕೂರಿಸಿ ನೋಡಿ. ಹಲವು ಅಗ್ಗದ ಟೂಲುಗಳಲ್ಲಿ ಅದು ಬರೀ ಚಪ್ಪಟೆ ತಗಡಿಗೆ ಮೊನೆ ಮಾಡಿದ್ದಾಗಿರುತ್ತದೆ, ಸ್ಕ್ರೂವಿನ ತಲೆ ತಿಂದುಹಾಕುತ್ತದೆ.

5. ಒಂದು ಅಯಸ್ಕಾಂತ ಜೊತೆಗಿರಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

‘ಒಳ್ಳೇ ಸ್ಟೇನ್‌ಲೆಸ್ ಸ್ಟೀಲಿಗೆ ಮ್ಯಾಗ್ನೆಟ್ ಅಂಟಲ್ಲ’ ಎಂದು ಪಾತ್ರೆ ಅಂಗಡಿಯಲ್ಲಿ ಹೇಳುತ್ತಾರೆ. ಪಾತ್ರೆಗೆ ಆ ಮಾತು ನಡೆಯುತ್ತದೆ, ಚಾಕುವಿಗೆ ನಡೆಯುವುದಿಲ್ಲ. ಪಾತ್ರೆಯ 304 ದರ್ಜೆಯ ಸ್ಟೀಲು ಆಸ್ಟೆನಿಟಿಕ್. ತುಕ್ಕನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಕಾಯಿಸಿ ತಣಿಸಿ ಅದನ್ನು ಗಟ್ಟಿ ಮಾಡಲಾಗದು. ಚಾಕುವಿಗೆ ಬಳಸುವ 420, 440 ದರ್ಜೆಯವು ಮಾರ್ಟೆನ್ಸಿಟಿಕ್. ಹದ ಕೊಟ್ಟರೆ ಗಟ್ಟಿಯಾಗುತ್ತವೆ, ಅಯಸ್ಕಾಂತಕ್ಕೂ ಅಂಟುತ್ತವೆ. ಹಾಗಾಗಿ ಸ್ಟೀಲಿನ ಅಲಗಿಗೆ ಮ್ಯಾಗ್ನೆಟ್ ಅಂಟಲೇ ಇಲ್ಲವೆಂದರೆ ಅದು ಹೊಳೆಯುವ ತಗಡು, ಹರಿತ ನಿಲ್ಲುವುದಿಲ್ಲ. ಅಂಟಿತು ಎಂದ ಮಾತ್ರಕ್ಕೆ ಒಳ್ಳೆಯದು ಎಂದೂ ಅಲ್ಲ, ಹದ ಸರಿಯಾಗಿ ಕೊಟ್ಟಿದ್ದಾರೋ ಇಲ್ಲವೋ ಮ್ಯಾಗ್ನೆಟ್ ಹೇಳದು. ಕೆಟ್ಟದ್ದನ್ನು ಪಕ್ಕಕ್ಕಿಡಲು ಮಾತ್ರ ಇದು ಉಪಯೋಗ. ಮೆಟೀರಿಯಲ್ ಸೈನ್ಸ್ ಪಾಠ ಕೊನೆಗೂ ಕೆಲಸಕ್ಕೆ ಬಂತು!

ಕರೆಂಟಿನ ಹತ್ತಿರ ಬೇಡ

ಮಲ್ಟಿಟೂಲಿನ ಹಿಡಿ ಬಹುಪಾಲು ಬರೀ ಲೋಹ. ಮನೆಯ 230 ವೋಲ್ಟ್ ಲೈನಿಗೆ ಅದನ್ನು ಮುಟ್ಟಿಸುವುದೂ, ಬರಿಗೈ ಮುಟ್ಟಿಸುವುದೂ ಒಂದೇ. ಮೇಲೆ ಪ್ಲಾಸ್ಟಿಕ್ ಹೊದಿಕೆ ಇದ್ದರೂ ಅದು ಹಿಡಿತಕ್ಕೆ, ರಕ್ಷಣೆಗಲ್ಲ. ಸ್ವಿಚ್ ಬೋರ್ಡ್ ಬಿಚ್ಚಬೇಕೆಂದರೆ ಮೇನ್ ಆಫ್ ಮಾಡಿ, 1000 ವೋಲ್ಟ್ ಗುರುತಿರುವ ಇನ್ಸುಲೇಟೆಡ್ ಟೂಲ್ ಬಳಸಿ. ಬ್ರೆಡ್‌ಬೋರ್ಡಿನ 5 ವೋಲ್ಟಿಗೆ ಮಲ್ಟಿಟೂಲ್ ಧಾರಾಳ ಸಾಕು.

ನಿಮ್ಮ ದಾರಿ ಯಾವುದು?

ದಿನವೂ ಒಯ್ಯುವ ವಸ್ತು ಎಂದ ಮೇಲೆ, ಎಲ್ಲಿ ಒಯ್ಯುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಶಸ್ತ್ರಾಸ್ತ್ರ ನಿಯಮಗಳು ಹೆಸರಿಸುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಮನೆ, ಬೇಸಾಯ, ಕೈಗಾರಿಕೆ ಕೆಲಸಕ್ಕೆಂದೇ ಮಾಡಿದವು ಅದರಿಂದ ಹೊರಗೆ. ಮಲ್ಟಿಟೂಲಿನ ಎರಡು ಮೂರು ಇಂಚಿನ ಚಾಕು ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ಕಾನೂನು ಬೇರೆ, ಬಾಗಿಲಲ್ಲಿ ನಿಂತ ಸೆಕ್ಯೂರಿಟಿ ಬೇರೆ.

ಹೆಬ್ಬಾಳ, ಯಲಹಂಕ ಕಡೆಯಿಂದ ಬಿಎಂಟಿಸಿ ಬಸ್ಸಿನಲ್ಲಿ ಬರುವವರ ಬ್ಯಾಗನ್ನು ಯಾರೂ ಸ್ಕ್ಯಾನ್ ಮಾಡುವುದಿಲ್ಲ. ಯಶವಂತಪುರದಲ್ಲಿ ಮೆಟ್ರೊ ಹತ್ತುವವರ ಬ್ಯಾಗು ದಿನವೂ ಸ್ಕ್ಯಾನರ್ ದಾಟಬೇಕು. ಅಲಗು ಕಂಡರೆ ತಡೆಯುತ್ತಾರೆ ಎಂದುಕೊಂಡೇ ಹೊರಡಿ. ಬೆಳಗ್ಗೆ ಎಂಟೂವರೆಗೆ, ಇಂಟರ್ನಲ್ಸ್ ದಿನ, ಅಲ್ಲಿ ನಿಂತು ವಾದ ಮಾಡಲು ಯಾರಿಗೂ ಪುರುಸೊತ್ತಿಲ್ಲ. ಮೆಟ್ರೊದವರಿಗೆ ಅಲಗಿಲ್ಲದ ಟೂಲೇ ಒಳ್ಳೆಯದು. ವಿಮಾನದಲ್ಲಿ ಹೋಗುವಾಗ ಚಾಕು ಇರುವ ಟೂಲನ್ನು ಚೆಕ್‌–ಇನ್ ಬ್ಯಾಗಿಗೆ ಹಾಕಿ, ಕ್ಯಾಬಿನ್ ಬ್ಯಾಗಿನಲ್ಲಿ ಮರೆತರೆ ದೇವನಹಳ್ಳಿಯಲ್ಲೇ ಬಿಟ್ಟು ಹೋಗಬೇಕಾದೀತು. ಪರೀಕ್ಷಾ ಕೊಠಡಿಗಂತೂ ಬೇಡವೇ ಬೇಡ.

ಕೊನೆಗೆ ನಾವು ಕೊಂಡದ್ದು

ಹಾಸಿಗೆ ಇದ್ದಷ್ಟೇ ಕಾಲು ಚಾಚಿದೆವು. ಬಸ್ಸಿನವರು ಇಬ್ಬರು ಪ್ಲೇಯರ್ ಬಗೆಯ, ಲಾಕ್ ಇರುವ, ಒಂಬತ್ತೇ ಟೂಲಿನ ಒಂದೊಂದು ತಗೊಂಡರು. ಮೆಟ್ರೊದವರು ಮಲ್ಟಿಟೂಲನ್ನೇ ಕೊಳ್ಳಲಿಲ್ಲ! ತುದಿ ಬದಲಿಸುವ ಸ್ಕ್ರೂಡ್ರೈವರ್, ಪುಟ್ಟ ನೋಸ್ ಪ್ಲೇಯರ್, 2.5 ಮಿಮೀ ಅಲೆನ್ ಕೀ, ಒಂದು ಚಿಮಟ, ಎಲ್ಲವನ್ನೂ ಹಳೇ ಪೆನ್ಸಿಲ್ ಪೌಚಿಗೆ ತುಂಬಿದರು. ಸಾವಿರದೊಳಗೇ ಮುಗಿಯಿತು. ಒಂದು ಕೆಟ್ಟರೆ ಅದೊಂದನ್ನೇ ಬದಲಿಸಿದರಾಯಿತು. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ನಮ್ಮ ಸಲಹೆಯೂ ಈ ಪೌಚೇ. ಕೆಟ್ಟ ಮಲ್ಟಿಟೂಲಿಗಿಂತ ನಾಲ್ಕು ಒಳ್ಳೇ ಬಿಡಿ ಟೂಲು ಮೇಲು.

ಯಾವುದನ್ನೇ ಕೊಂಡರೂ ಮಳೆಗಾಲದಲ್ಲಿ ಒದ್ದೆ ಬ್ಯಾಗಿನಲ್ಲಿ ಬಿಡಬೇಡಿ. ಸ್ಟೇನ್‌ಲೆಸ್ಸಿಗೂ ತುಕ್ಕು ಬರುತ್ತದೆ, ಅದರಲ್ಲೂ ಗಟ್ಟಿ ಮಾಡಿದ ಸ್ಟೀಲಿಗೆ ಬೇಗ. ಒರೆಸಿ, ತಿಂಗಳಿಗೊಮ್ಮೆ ಕೀಲಿಗೆ ಒಂದು ಹನಿ ಹೊಲಿಗೆ ಮಿಷನ್ ಎಣ್ಣೆ ಬಿಟ್ಟರೆ ಸಾಕು.

ಈ ಸೆಮಿಸ್ಟರ್‌ನ ಡೆಮೊದಲ್ಲೂ ಚಕ್ರ ಸಡಿಲವಾಯಿತು. ನಮ್ಮದಲ್ಲ, ಪಕ್ಕದ ಟೀಮಿನದು. ಪೌಚಿನಿಂದ ಅಲೆನ್ ಕೀ ತೆಗೆದುಕೊಟ್ಟೆವು. ಅವರಿಗೆ ನಮಗಿಂತ ಹೆಚ್ಚು ಮಾರ್ಕ್ಸ್ ಬಂತು. ಇರಲಿ, ಅಲೆನ್ ಕೀ ಮಾತ್ರ ವಾಪಸ್ ಕೊಡಿ ಮಾರಾಯ್ರೇ.